ಡಾಕ್ಟರೇಟ್ ಆದಮೇಲೆ ಡಾಕ್ಟರ್ ಆಗಬೇಕೆಂದರೆ: ನಮ್ಮಲ್ಲಿ ಈ ದಾರಿ ಯಾಕೆ ಒನ್‌ವೇ?

2025ರ ಜೂನ್ ಕೊನೆಯ ವಾರ. ನೀಟ್ ಫಲಿತಾಂಶ ಬಂದು ಸುಮಾರು ಎರಡು ವಾರವಾಗಿತ್ತು. ಮೈಸೂರಿನ ನಜರ್‌ಬಾದ್‌ನಲ್ಲಿರುವ ಮಿನಿ ವಿಧಾನಸೌಧದಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಸಾಲು ನಿಂತಿತ್ತು. ಸಾಲಿನಲ್ಲಿದ್ದವರಲ್ಲಿ ಹೆಚ್ಚಿನವರು ಆಗಷ್ಟೇ ಪಿಯುಸಿ ಮುಗಿಸಿದ ಮಕ್ಕಳು, ಜೊತೆಗೆ ಅವರ ಅಪ್ಪ-ಅಮ್ಮ. ಅವರ ನಡುವೆ ನನ್ನ ಗೆಳತಿ. ವಯಸ್ಸು 31. ಮಾನಸಗಂಗೋತ್ರಿಯಲ್ಲಿ ಜೀವರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ ಎರಡು ವರ್ಷವಾಗಿದೆ.

ಕೌಂಟರಿನಲ್ಲಿದ್ದವರು ಸಹಜವಾಗಿಯೇ ಕೇಳಿದರು, "ತಂಗಿಗಾ ಮೇಡಂ?"

"ಅಲ್ಲ ಸರ್, ನಂಗೇ."

ಅವರು ಒಂದು ಸಲ ತಲೆಯೆತ್ತಿ ನೋಡಿ, "ಒಳ್ಳೇದಾಗ್ಲಿ ಬಿಡಿ" ಅಂದು ಕಾಗದ ತೆಗೆದುಕೊಂಡರು.

ಊರಲ್ಲಿ ಅವಳನ್ನು ಈಗಾಗಲೇ ಡಾಕ್ಟ್ರು ಅಂತಲೇ ಕರೆಯುತ್ತಾರೆ. ಹೆಸರಿನ ಮುಂದೆ 'ಡಾ.' ಬಂದ ದಿನದಿಂದ ಪಕ್ಕದ ಮನೆಯ ಅಜ್ಜಿ ಮಂಡಿನೋವಿಗೆ ಮಾತ್ರೆ ಕೇಳುತ್ತಿದ್ದಾರೆ. "ನಾನು ಆ ಡಾಕ್ಟ್ರಲ್ಲ ಅಜ್ಜಿ, ಓದಿದ ಡಾಕ್ಟ್ರು" ಅಂದರೆ, "ಮತ್ತೆ ಅವ್ರೇನು ಓದದೇ ಆಗ್ತಾರಾ?" ಅಂತ ಕೇಳುತ್ತಾರೆ. ಪಿಎಚ್‌ಡಿ ಮಾಡಿದವರ ಮನೆಗಳಲ್ಲೆಲ್ಲ ಈ ಮಾತು ಕೇಳಿರುತ್ತೀರಿ. ನನ್ನ ಗೆಳತಿ ಈಗ ನಿಜಕ್ಕೂ 'ಆ ಡಾಕ್ಟ್ರು' ಆಗಲು ಹೊರಟಿದ್ದಾಳೆ.

ಇದನ್ನು ಒಬ್ಬರ ಹಟವೋ ಹುಚ್ಚೋ ಅಂತ ಬದಿಗಿಡಬಹುದು. ಆದರೆ ಅವಳ ಅರ್ಜಿಯ ಜೊತೆ ಒಂದಿಷ್ಟು ದೂರ ನಡೆದರೆ, ನಮ್ಮ ವಿಜ್ಞಾನ ಸಂಶೋಧನೆ ಮತ್ತು ವೈದ್ಯಕೀಯ ಶಿಕ್ಷಣ ಪರಸ್ಪರ ಎಷ್ಟು ದೂರ ನಿಂತಿವೆ ಎನ್ನುವುದು ಕಾಣುತ್ತದೆ.

ಬಾಗಿಲು ತೆರೆದಿದ್ದು 2022ರಲ್ಲಿ

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಎಂಬಿಬಿಎಸ್ ಸೇರಲು ಕನಿಷ್ಠ 17 ವರ್ಷ ಆಗಿರಬೇಕು ಎಂಬ ನಿಯಮ ಹಳೆಯದು. ಗರಿಷ್ಠ ವಯಸ್ಸಿನ ತಕರಾರು ದೊಡ್ಡದಾಗಿದ್ದು 2017ರಿಂದೀಚೆಗೆ. 2018ರ ಜನವರಿಯಲ್ಲಿ ಅಂದಿನ ಭಾರತೀಯ ವೈದ್ಯಕೀಯ ಮಂಡಳಿ ನಿಯಮಕ್ಕೆ ತಿದ್ದುಪಡಿ ತಂದು ಸಾಮಾನ್ಯ ವರ್ಗಕ್ಕೆ 25, ಮೀಸಲಾತಿ ವರ್ಗಗಳಿಗೆ 30 ಎಂದು ಗೆರೆ ಎಳೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಈ ಗೆರೆಯನ್ನು ಎತ್ತಿಹಿಡಿಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಅಭ್ಯರ್ಥಿಗಳು ತಾತ್ಕಾಲಿಕ ಅನುಮತಿಯ ಮೇಲೆ ಪರೀಕ್ಷೆ ಬರೆಯುತ್ತಿದ್ದರು. ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ಅಕ್ಟೋಬರ್‌ನಲ್ಲಿ ಗರಿಷ್ಠ ವಯೋಮಿತಿ ಬೇಡ ಎಂದು ತೀರ್ಮಾನಿಸಿತು. 2022ರ ಮಾರ್ಚ್‌ನಲ್ಲಿ ಅದು ಅಧಿಕೃತವಾಗಿ ಹೊರಬಿತ್ತು.

25ರ ಗೆರೆ ಇದ್ದಾಗ ಪಿಎಚ್‌ಡಿ ಮಾಡಿದವರಿಗೆ ಪ್ರವೇಶ ಇಲ್ಲ ಎಂದು ಬೇರೆ ಬರೆಯಬೇಕಾಗಿರಲಿಲ್ಲ. ಬಿಎಸ್ಸಿ 3 ವರ್ಷ, ಎಂಎಸ್ಸಿ 2, ಪಿಎಚ್‌ಡಿ ಕನಿಷ್ಠವೆಂದರೂ 4-5. ಲೆಕ್ಕ ಹಾಕಿ, ನಮ್ಮಲ್ಲಿ 27-28ಕ್ಕೂ ಮುಂಚೆ ಪಿಎಚ್‌ಡಿ ಮುಗಿಸುವವರು ಅಪರೂಪ.

2023ರಲ್ಲಿ ಇನ್ನೊಂದು ಸಡಿಲಿಕೆ ಬಂತು. ಪಿಯುಸಿಯಲ್ಲಿ ಬಯಾಲಜಿ ಓದದವರು ಆಮೇಲೆ ಮಾನ್ಯತೆ ಪಡೆದ ಬೋರ್ಡಿನಲ್ಲಿ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡು ನೀಟ್ ಬರೆಯಬಹುದು ಎಂದಾಯಿತು. ಅಂದರೆ ಭೌತಶಾಸ್ತ್ರದಲ್ಲೋ ರಸಾಯನಶಾಸ್ತ್ರದಲ್ಲೋ ಪಿಎಚ್‌ಡಿ ಮಾಡಿದವರೂ ಬರಬಹುದು. ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿ ಇಲ್ಲ. 2020ರಲ್ಲಿ ಒಡಿಶಾದ 64 ವರ್ಷದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ನೀಟ್ ಪಾಸು ಮಾಡಿ ಸರ್ಕಾರಿ ಮೆಡಿಕಲ್ ಕಾಲೇಜು ಸೇರಿದ್ದು ದೇಶವಿಡೀ ಸುದ್ದಿಯಾಗಿತ್ತು.

ಹಾಗಾದರೆ ಸಮಸ್ಯೆ ಏನು? ತೆರೆದಿರುವುದು ಪರೀಕ್ಷಾ ಕೊಠಡಿಯ ಬಾಗಿಲು ಮಾತ್ರ. ಒಳಗೆ ಹೋದಮೇಲೆ ನೀವು ಹತ್ತು ವರ್ಷ ಏನು ಓದಿದ್ದೀರಿ ಅಂತ ಯಾರೂ ಕೇಳುವುದಿಲ್ಲ.

ಹತ್ತು ವರ್ಷದ ಓದಿಗೆ ಸಿಗುವುದು ಸೊನ್ನೆ

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅರ್ಧದಷ್ಟು ಬಯಾಲಜಿ, ಉಳಿದದ್ದು ಫಿಸಿಕ್ಸ್ ಮತ್ತು ಕೆಮಿಸ್ಟ್ರಿ. ಎಲ್ಲವೂ ಪಿಯುಸಿ ಮಟ್ಟದ್ದು. ಕಿಣ್ವಗಳ ಮೇಲೆ ಪ್ರಬಂಧ ಪ್ರಕಟಿಸಿದ ನನ್ನ ಗೆಳತಿ ಕಳೆದ ಬೇಸಿಗೆ ಪೂರ್ತಿ ಸಸ್ಯಗಳ ವರ್ಗೀಕರಣ ಮತ್ತು ಘರ್ಷಣೆಯ ಲೆಕ್ಕ ಉರುಹೊಡೆದಳು. ಅದರ ಬಗ್ಗೆ ಅವಳಿಗೆ ದೂರಿಲ್ಲ. "ಎಲ್ಲರಿಗೂ ಒಂದೇ ಪರೀಕ್ಷೆ ಇರ್ಲಿ, ಅದು ನ್ಯಾಯಾನೇ. ಪರೀಕ್ಷೆ ಆದಮೇಲೂ ನನ್ನ ಓದು ಇಲ್ಲ ಅನ್ನೋ ಥರ ನಡ್ಕೋತಾರಲ್ಲ, ಅದು ಕಷ್ಟ" ಅನ್ನುತ್ತಾಳೆ.

ಸೀಟು ಸಿಕ್ಕಿತು ಎಂದಿಟ್ಟುಕೊಳ್ಳಿ. ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷದ ವಿಷಯಗಳು ಅನಾಟಮಿ, ಫಿಸಿಯಾಲಜಿ ಮತ್ತು ಬಯೋಕೆಮಿಸ್ಟ್ರಿ. ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿದವಳೂ ಆ ತರಗತಿಯಲ್ಲಿ ಹಾಜರಿ ಕೊಟ್ಟು, ಇಂಟರ್ನಲ್ಸ್ ಬರೆದು, ಪಾಸಾಗಬೇಕು. ವಿನಾಯಿತಿ ಎಂಬ ಪದವೇ ಇಲ್ಲ.

ಈ ತಮಾಷೆಗೆ ಇನ್ನೊಂದು ಮುಖವಿದೆ. ಮೆಡಿಕಲ್ ಎಂಎಸ್ಸಿ ಮತ್ತು ಪಿಎಚ್‌ಡಿ ಮಾಡಿದವರು ಅದೇ ಮೊದಲ ವರ್ಷದ ತರಗತಿಗೆ ಪಾಠ ಮಾಡಬಹುದು. ದಶಕಗಳಿಂದ ಮಾಡಿದ್ದಾರೆ. ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಅರ್ಧದವರೆಗೂ ಅಂಥ ಬೋಧಕರಿಗೆ ಅವಕಾಶವಿತ್ತು. 2020ರಲ್ಲಿ ವೈದ್ಯಕೀಯ ಆಯೋಗದ ಹೊಸ ನಿಯಮ ಅದನ್ನು ಶೇ 15ಕ್ಕೆ ಇಳಿಸಿತು. ಮೈಕ್ರೋಬಯಾಲಜಿ ಮತ್ತು ಫಾರ್ಮಕಾಲಜಿಯಲ್ಲಿ ಪೂರ್ತಿ ಬಾಗಿಲು ಹಾಕಿತು. 2025ರ ಜುಲೈನಲ್ಲಿ, ಹೊಸ ಕಾಲೇಜುಗಳು ಹೆಚ್ಚಿ ಬೋಧಕರೇ ಸಿಗದ ಹೊತ್ತಿಗೆ, ಅದೇ ಆಯೋಗ ಈ ಎರಡು ವಿಭಾಗಗಳಲ್ಲೂ ಅವರಿಗೆ ಮತ್ತೆ ಜಾಗ ಕೊಟ್ಟಿತು. ಐದು ವರ್ಷದಲ್ಲಿ ಆ ಬೋಧಕರ ಅರ್ಹತೆ ಏನೂ ಬದಲಾಗಿರಲಿಲ್ಲ. ಕಾಲೇಜುಗಳ ಅಗತ್ಯ ಬದಲಾಗಿತ್ತು.

2020 ಎಂದಾಗ ಇನ್ನೊಂದು ನೆನಪಾಗುತ್ತದೆ. ಕೋವಿಡ್ ಬಂದಾಗ ಹೈದರಾಬಾದಿನ ಸಿಸಿಎಂಬಿ, ಬೆಂಗಳೂರಿನ ಐಐಎಸ್ಸಿ, ಎನ್‌ಸಿಬಿಎಸ್‌ನಂಥ ಸಂಶೋಧನಾ ಸಂಸ್ಥೆಗಳು ಆರ್‌ಟಿ-ಪಿಸಿಆರ್ ಪರೀಕ್ಷಾ ಕೇಂದ್ರಗಳಾದವು. ಸಂಶೋಧಕರೇ ಪಿಪಿಇ ಕಿಟ್ ಹಾಕಿಕೊಂಡು ಸ್ಯಾಂಪಲ್‌ಗಳ ಮುಂದೆ ಕೂತರು. ಆಗ ಯಾರಿಗೂ ಅವರು 'ಈ ಡಾಕ್ಟ್ರಾ, ಆ ಡಾಕ್ಟ್ರಾ' ಎಂಬ ಅನುಮಾನ ಬರಲಿಲ್ಲ.

ಆ ಕಡೆಯಿಂದ ಬರಬಹುದು, ಈ ಕಡೆಯಿಂದ ಹೋಗುವಂತಿಲ್ಲ

ಎಂಬಿಬಿಎಸ್ ಮಾಡಿದವರು ಸಂಶೋಧನೆಗೆ ಬರಬೇಕೆಂದರೆ ದಾರಿ ಇದೆ. ಎಂಎಸ್ಸಿ ಇಲ್ಲದೆಯೇ ನೇರವಾಗಿ ಐಐಎಸ್ಸಿಯಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. 2022ರಲ್ಲಿ ಐಐಎಸ್ಸಿ ಘೋಷಿಸಿದ ಸ್ನಾತಕೋತ್ತರ ವೈದ್ಯಕೀಯ ಶಾಲೆಯ ಉದ್ದೇಶವೂ ಅದೇ, ವೈದ್ಯರನ್ನು ವಿಜ್ಞಾನಿಗಳನ್ನಾಗಿ ಮಾಡುವುದು. ಒಳ್ಳೆಯ ಯೋಜನೆ. ಆದರೆ ಅದು ಈಗಾಗಲೇ ಎಂಬಿಬಿಎಸ್ ಮುಗಿಸಿದವರಿಗೆ. ವಿಜ್ಞಾನಿಯೊಬ್ಬ ವೈದ್ಯನಾಗಲು ಅಂಥದ್ದೊಂದು ದಾರಿ ಭಾರತದಲ್ಲಿ ಎಲ್ಲೂ ಇಲ್ಲ.

ನಮ್ಮ ರಾಜ್ಯದಲ್ಲೇ ಬೇರೆ ಕೋರ್ಸುಗಳಿಗೆ ಈ ವ್ಯವಸ್ಥೆ ಇದೆ. ಡಿಪ್ಲೊಮಾ ಮುಗಿಸಿದವರು ಕೆಇಎ ನಡೆಸುವ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುತ್ತಾರೆ. ಪಿಯುಸಿ ಆದವರಿಗೆ ಕಾನೂನು ಪದವಿ ಐದು ವರ್ಷ, ಯಾವುದೋ ಡಿಗ್ರಿ ಮಾಡಿ ಬಂದವರಿಗೆ ಮೂರು ವರ್ಷ. ಹಿಂದಿನ ಓದಿಗೆ ಬೆಲೆ ಕೊಡುವುದು ನಮಗೆ ಹೊಸತಲ್ಲ.

ಹೊರದೇಶಗಳನ್ನು ನೋಡಿದರೆ ಅಮೆರಿಕದಲ್ಲಿ ಮೆಡಿಕಲ್ ಸ್ಕೂಲೇ ಪದವೀಧರರಿಗಾಗಿ ಇರುವಂಥದ್ದು, ನಾಲ್ಕು ವರ್ಷ. ಬ್ರಿಟನ್ನಿನಲ್ಲಿ ಐದಾರು ವರ್ಷದ ಮಾಮೂಲಿ ಕೋರ್ಸಿನ ಪಕ್ಕದಲ್ಲೇ ಪದವೀಧರರಿಗೆ ನಾಲ್ಕು ವರ್ಷದ ಕೋರ್ಸಿದೆ. ಆಸ್ಟ್ರೇಲಿಯಾ ಇದನ್ನು 1990ರ ದಶಕದಲ್ಲೇ ಶುರು ಮಾಡಿತು. ಅಮೆರಿಕದ ಮಯಾಮಿ ವಿಶ್ವವಿದ್ಯಾಲಯ 1971ರಲ್ಲಿ ವಿಜ್ಞಾನದ ಪಿಎಚ್‌ಡಿ ಇದ್ದವರಿಗೆಂದೇ ಎರಡು ವರ್ಷದ ಎಂಡಿ ಕೋರ್ಸು ತೆರೆದು ಕೆಲ ಕಾಲ ನಡೆಸಿತ್ತು. ಅಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಅಮೆರಿಕದಲ್ಲಿ ಮೆಡಿಕಲ್ ಓದಿದವರ ಸಾಲ ತೀರಲು ಎಷ್ಟೋ ವರ್ಷ ಬೇಕು. ಆದರೆ ವೈದ್ಯನಾಗುವ ಆಸೆ 17ಕ್ಕೆ ಮಾತ್ರ ಹುಟ್ಟುವುದಿಲ್ಲ ಎಂಬುದನ್ನಾದರೂ ಆ ವ್ಯವಸ್ಥೆಗಳು ಒಪ್ಪಿಕೊಂಡಿವೆ.

ಯಾಕೆ ಬರುತ್ತಾರೆ? ಎರಡು ಕಾರಣ

ಪಿಎಚ್‌ಡಿ ಆದಮೇಲೆ ಮೆಡಿಕಲ್ ಕಡೆ ತಿರುಗುವವರಲ್ಲಿ ಎರಡು ಬಗೆಯವರಿದ್ದಾರೆ. ಈ ಎರಡನ್ನು ಬೆರೆಸಿದರೆ ಚರ್ಚೆ ದಾರಿ ತಪ್ಪುತ್ತದೆ.

ಮೊದಲನೆಯದು ಹೊಟ್ಟೆಪಾಡು. ಜೆಆರ್‌ಎಫ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಐದು ವರ್ಷಕ್ಕೆ ಗುಣಿಸಿದರೆ ಒಬ್ಬ ಸಂಶೋಧಕನ ಮೇಲೆ ಸಾರ್ವಜನಿಕ ಹಣ 24 ಲಕ್ಷ. ನೆಟ್ ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ 8,000. ಇಷ್ಟಾಗಿ ಪಿಎಚ್‌ಡಿ ಮುಗಿಸಿದವರಿಗೆ ಏನು ಸಿಗುತ್ತದೆ? 2018ರಲ್ಲಿ ಯುಜಿಸಿ, ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2021ರ ಜುಲೈನಿಂದ ಪಿಎಚ್‌ಡಿ ಕಡ್ಡಾಯ ಎಂದಿತು. ಆಮೇಲೆ 2023ಕ್ಕೆ ಮುಂದೂಡಿತು. 2023ರ ಜುಲೈ ಬಂದಾಗ ಕಡ್ಡಾಯವೇ ಇಲ್ಲ ಎಂದಿತು. ಈ ನಿಯಮ ನಂಬಿ ಪಿಎಚ್‌ಡಿ ಸೇರಿದ ಒಂದು ತಲೆಮಾರೇ ಇದೆ.

ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. 2022ರ ಜನವರಿಯವರೆಗೆ ಅವರ ಗೌರವಧನ 13,000 ರೂಪಾಯಿ ದಾಟಿರಲಿಲ್ಲ. ಹೋರಾಟದ ನಂತರ, ಯುಜಿಸಿ ಅರ್ಹತೆ ಮತ್ತು ಐದು ವರ್ಷ ಅನುಭವ ಇದ್ದವರಿಗೆ 32,000 ಆಯಿತು. ಕಾಯಂಗೊಳಿಸಿ ಎಂದು 2023ರ ಕೊನೆಯಲ್ಲಿ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಹೀಗಿರುವಾಗ ಪಿಎಚ್‌ಡಿ ಮಾಡಿದವರೊಬ್ಬರು 'ನೀಟ್ ಆದರೂ ಬರೆಯೋಣ' ಎಂದುಕೊಂಡರೆ ಅದು ಅವರ ತಪ್ಪಲ್ಲ. ಆದರೆ ಅದಕ್ಕೆ ಮದ್ದು ಮೆಡಿಕಲ್ ಸೀಟೂ ಅಲ್ಲ. ಖಾಲಿ ಇರುವ ಬೋಧಕ ಮತ್ತು ವಿಜ್ಞಾನಿ ಹುದ್ದೆಗಳನ್ನು ತುಂಬುವುದು ಮದ್ದು.

ಎರಡನೆಯ ಕಾರಣ ಬೇರೆ. ನನ್ನ ಗೆಳತಿ ಪಿಎಚ್‌ಡಿಗಾಗಿ ಮಧುಮೇಹಿಗಳ ರಕ್ತದ ಸ್ಯಾಂಪಲ್ ತರಲು ಒಂದು ಆಸ್ಪತ್ರೆಗೆ ವರ್ಷಗಟ್ಟಲೆ ಓಡಾಡಿದಳು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಜನ ಕೇಳುತ್ತಿದ್ದರಂತೆ, "ಏನವ್ವಾ, ನಂಗೆ ಏನಾಗದೆ? ಕಾಲು ಉಳೀತದಾ?" ಅವಳ ಬಳಿ ಅವರ ರಕ್ತದ ಲೆಕ್ಕವೆಲ್ಲ ಇತ್ತು. ಉತ್ತರ ಕೊಡುವ ಹಕ್ಕಿರಲಿಲ್ಲ, ಪೂರ್ತಿ ಉತ್ತರ ಗೊತ್ತೂ ಇರಲಿಲ್ಲ. "ಡಾಕ್ಟ್ರು ಹೇಳ್ತಾರೆ ಅಂತ ಹೇಳಿ ಹೇಳಿ ಸಾಕಾಯ್ತು ಕಣೋ" ಅಂದಳು ಒಮ್ಮೆ. ಹೀಗೆ ಪ್ರಯೋಗಾಲಯದಿಂದ ವಾರ್ಡಿನ ಕಡೆ ನಡೆದು ಬರುವವರು ಎಲ್ಲ ಕಾಲದಲ್ಲೂ ಕೆಲವರೇ. ಕೆಲವರೇ ಆದರೂ ಅವರಿಗೊಂದು ದಾರಿ ಇರಬೇಕು.

ಯಾರ ಸೀಟು ಇದು?

ಇಲ್ಲೊಂದು ಕಷ್ಟದ ಪ್ರಶ್ನೆ ಇದೆ. ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟು 12 ಸಾವಿರಕ್ಕೂ ಹೆಚ್ಚು. ಅದರಲ್ಲಿ ಬಡವರ ಕೈಗೆಟಕುವುದು ಸರ್ಕಾರಿ ಕೋಟಾದ ಸೀಟು ಮಾತ್ರ. ಖಾಸಗಿ ಕಾಲೇಜಿನ ಖಾಸಗಿ ಕೋಟಾ ಎಂದರೆ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಎಚ್.ಡಿ. ಕೋಟೆಯಿಂದಲೋ ಹನೂರಿನಿಂದಲೋ ಸರ್ಕಾರಿ ಶಾಲೆ ಓದಿ ಬಂದ 18ರ ಹುಡುಗಿಯ ಎದುರು, ಈಗಾಗಲೇ ಡಾಕ್ಟರೇಟ್ ಪಡೆದ 31ರ ಹೆಂಗಸು ಸ್ಪರ್ಧಿಸುವುದು ನ್ಯಾಯವೇ?

ವರ್ಷಗಳ ಲೆಕ್ಕವೂ ಇದೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ 60ಕ್ಕೆ. 18ಕ್ಕೆ ಸೇರಿ 24ಕ್ಕೆ ವೈದ್ಯೆಯಾದವಳು ಮೂವತ್ತಾರು ವರ್ಷ ಸೇವೆ ಕೊಡಬಲ್ಲಳು. 31ಕ್ಕೆ ಸೇರಿ 37ಕ್ಕೆ ಹೊರಬಂದವಳು ಇಪ್ಪತ್ಮೂರು ವರ್ಷ.

ಈ ವಾದದಲ್ಲಿ ಹುರುಳಿದೆ. ಹಾಗಾಗಿಯೇ ಇರುವ ಸೀಟಿನಲ್ಲೇ ಪಾಲು ಕೇಳುವುದಕ್ಕಿಂತ ಬೇರೆ ದಾರಿ ಹುಡುಕಬೇಕು ಅನ್ನುತ್ತಿದ್ದೇನೆ. ಈಗಿನ ವ್ಯವಸ್ಥೆಯಲ್ಲಿ ಪಿಎಚ್‌ಡಿ ಆದವಳು ಮತ್ತು ಪಿಯುಸಿ ಆದವಳು ಒಂದೇ ಸಾಲಿನಲ್ಲಿ, ಒಂದೇ ಸೀಟಿಗೆ ನಿಂತಿದ್ದಾರೆ. ಇದರಿಂದ ಇಬ್ಬರಿಗೂ ನಷ್ಟ. ಒಬ್ಬಳು ಕಲಿತದ್ದನ್ನೇ ಮತ್ತೆ ಕಲಿಯುತ್ತಾಳೆ, ಇನ್ನೊಬ್ಬಳು ಹೆಚ್ಚು ಅನುಭವಿ ಒಬ್ಬಳ ಜೊತೆ ಪೈಪೋಟಿಗೆ ಬೀಳುತ್ತಾಳೆ.

ಮತ್ತೊಂದು ಮಾತು. ವಯೋಮಿತಿ ತೆಗೆದದ್ದು ಎಲ್ಲರಿಗೂ ಸಮಾನ ಅವಕಾಶ ಕೊಟ್ಟಂತೆ ಕಾಣುತ್ತದೆ. ಆದರೆ 31ರಲ್ಲಿ ಐದೂವರೆ ವರ್ಷ ಸಂಬಳವಿಲ್ಲದೆ ಕೂರಲು ಯಾರಿಗೆ ಸಾಧ್ಯ? ಅಪ್ಪ-ಅಮ್ಮನಿಗೆ ಆಸ್ತಿ ಇರುವವರಿಗೆ, ಇಲ್ಲವೇ ದುಡಿಯುವ ಸಂಗಾತಿ ಇರುವವರಿಗೆ. ನೀಟ್ ಅರ್ಜಿ ಇವತ್ತಿಗೂ ತಂದೆ-ತಾಯಿಯ ವೃತ್ತಿ ಕೇಳುತ್ತದೆ. ಅರ್ಜಿ ಹಾಕುವವರೇ ಮನೆ ನಡೆಸುತ್ತಿರಬಹುದು ಎಂಬ ಕಲ್ಪನೆಯೇ ಅದಕ್ಕಿಲ್ಲ. ಹೆಣ್ಣುಮಕ್ಕಳಿಗಾದರೆ 'ಇನ್ನೂ ಎಷ್ಟು ಓದ್ತೀಯಾ, ಮದ್ವೆ ಯಾವಾಗ' ಎಂಬ ಪ್ರಶ್ನೆ ಬೇರೆ. ನಿಯಮದಲ್ಲಿ ಇಲ್ಲದ ವಯೋಮಿತಿ ಮನೆಯಲ್ಲಿ ಇದೆ.

ಏನು ಮಾಡಬಹುದು?

ನಜರ್‌ಬಾದ್‌ನಲ್ಲಿ ನಿಂತು ನೋಡಿದರೆ ಮೈಸೂರು ಎಂಥ ಊರು ಎಂಬುದು ತಿಳಿಯುತ್ತದೆ. ಒಂದು ಕಡೆ ಸಿದ್ಧಾರ್ಥನಗರದಲ್ಲಿ ಡಿಎಫ್‌ಆರ್‌ಎಲ್. ಇನ್ನೊಂದು ಕಡೆ ಕೆ.ಆರ್. ಆಸ್ಪತ್ರೆ ಮತ್ತು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು. ಆಚೆಗೆ 1950ರಿಂದ ಇರುವ ಸಿಎಫ್‌ಟಿಆರ್‌ಐ, ಮಾನಸಗಂಗೋತ್ರಿ. ಎಲ್ಲವೂ ಒಂದೇ ಆಟೋ ಪ್ರಯಾಣದ ದೂರದಲ್ಲಿವೆ. ಆದರೆ ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಟಿಪ್ಪು ಸುಲ್ತಾನ್ ಹಳೆಯ ಮೈಸೂರು ಕೋಟೆಯನ್ನು ಕೆಡವಿಸಿ ಅದರ ಕಲ್ಲುಗಳಿಂದ ನಜರ್‌ಬಾದ್‌ನಲ್ಲಿ ಹೊಸ ಕೋಟೆ ಕಟ್ಟಿಸಲು ಹೊರಟಿದ್ದ. 1799ರ ನಂತರ ಅವೇ ಕಲ್ಲುಗಳು ಮತ್ತೆ ಮೈಸೂರಿಗೆ ಹೋದವು. ರಾಜ್ಯ ಬದಲಾದರೂ ಕಲ್ಲನ್ನು ಯಾರೂ ಬಿಸಾಡಲಿಲ್ಲ. ನಾವು ಹತ್ತು ವರ್ಷದ ಓದನ್ನು ಬಿಸಾಡುತ್ತಿದ್ದೇವೆ.

ಮೊದಲನೆಯದಾಗಿ, ಸಂಬಂಧಪಟ್ಟ ವಿಷಯದಲ್ಲಿ ಪಿಎಚ್‌ಡಿ ಇದ್ದವರಿಗೆ ಆ ಒಂದು ವಿಷಯದ ತರಗತಿಯಿಂದ ವಿನಾಯಿತಿ ಕೊಟ್ಟು, ಪರೀಕ್ಷೆ ಮಾತ್ರ ಬರೆಸಬಹುದು. ಅತಿಯಾಸೆ ಬೇಡ. ಬಯೋಕೆಮಿಸ್ಟ್ರಿ ಗೊತ್ತಿದ್ದ ಮಾತ್ರಕ್ಕೆ ಅನಾಟಮಿ ಗೊತ್ತಿರುವುದಿಲ್ಲ, ರೋಗಿಯ ಹೊಟ್ಟೆ ಮುಟ್ಟಿ ನೋಡುವುದಂತೂ ಗೊತ್ತೇ ಇರುವುದಿಲ್ಲ. ವಾರ್ಡಿನ ತರಬೇತಿಯಲ್ಲಿ ಒಂದು ದಿನವೂ ಕಡಿತ ಆಗಬಾರದು.

ಎರಡನೆಯದಾಗಿ, ಈಗಿರುವ ಸೀಟು ಮುಟ್ಟದೆ, ಕೆಲವೇ ಸರ್ಕಾರಿ ಕಾಲೇಜುಗಳಲ್ಲಿ ಪದವೀಧರರಿಗೆಂದು ಬೆರಳೆಣಿಕೆಯ ಹೆಚ್ಚುವರಿ ಸೀಟು ಕೊಡಬಹುದು. ಅದಕ್ಕೂ ಮೀಸಲಾತಿ ಇರಲೇಬೇಕು. ಪಿಎಚ್‌ಡಿ ಮುಗಿಸಿದ ದಲಿತ, ಹಿಂದುಳಿದ ವರ್ಗದ ಮೊದಲ ತಲೆಮಾರಿನವರಿಗೆ ಈ ಬಾಗಿಲು ಹೆಚ್ಚು ಬೇಕು. ಪ್ರತಿಯಾಗಿ ಗ್ರಾಮೀಣ ಸೇವೆ ಕೇಳಿ. ರಾಜ್ಯದಲ್ಲಿ 2012ರ ಕಡ್ಡಾಯ ಸೇವಾ ಕಾಯ್ದೆ ಇದೆ. 2023ರ ತಿದ್ದುಪಡಿ ಅದನ್ನು ಖಾಲಿ ಹುದ್ದೆಗಳಿಗೆ ತಕ್ಕಂತೆ ಸಡಿಲಿಸಿತು. ಈ ಸೀಟುಗಳಿಗೆ ಆ ಸಡಿಲಿಕೆ ಬೇಡ, ಇನ್ನೆರಡು ವರ್ಷ ಜಾಸ್ತಿಯೇ ಇರಲಿ.

ಮೂರನೆಯದಾಗಿ, ಓದುವ ಅವಧಿಗೆ ಫೆಲೋಶಿಪ್ ಕೊಡಬೇಕು. ಅದಿಲ್ಲದಿದ್ದರೆ ಈ ಸೀಟೂ ಉಳ್ಳವರ ಪಾಲಾಗುತ್ತದೆ.

ಮೊದಲ ಎರಡು ವೈದ್ಯಕೀಯ ಆಯೋಗದ ಕೈಯಲ್ಲಿವೆ, ರಾಜ್ಯ ಏನು ಮಾಡಲಾಗುತ್ತದೆ ಎನ್ನಬಹುದು. 2024ರ ಜುಲೈನಲ್ಲಿ ನಮ್ಮ ವಿಧಾನಸಭೆ ನೀಟ್ ವಿರುದ್ಧ ನಿರ್ಣಯ ಮಾಡಿತು. ವೈದ್ಯಕೀಯ ಪ್ರವೇಶದ ಮೇಲೆ ರಾಜ್ಯಕ್ಕೆ ಹಕ್ಕು ಬೇಕು ಎನ್ನುವುದು ಸರಿಯಾದ ಮಾತು. ಆದರೆ ಹಕ್ಕು ಸಿಕ್ಕರೆ ಏನು ಮಾಡುತ್ತೀರಿ ಎಂಬುದನ್ನೂ ಹೇಳಬೇಕಲ್ಲ? 'ನೀಟ್ ಬೇಡ, ಹಳೇ ಸಿಇಟಿ ಬೇಕು' ಎಂಬಲ್ಲಿಗೇ ಬೇಡಿಕೆ ನಿಂತರೆ ಅದು ಪಿಯುಸಿ ಮಕ್ಕಳ ಚರ್ಚೆಯಾಗಿಯೇ ಉಳಿಯುತ್ತದೆ. ಯಾರು, ಯಾವ ವಯಸ್ಸಿನಲ್ಲಿ, ಯಾವ ದಾರಿಯಿಂದ ವೈದ್ಯರಾಗಬಹುದು ಎಂಬ ದೊಡ್ಡ ಪ್ರಶ್ನೆಯನ್ನು ನಾವು, ವಿದ್ಯಾರ್ಥಿ ಸಂಘಟನೆಗಳಲ್ಲಿ ಇರುವವರಾದರೂ, ಎತ್ತಬೇಕು. ಫೆಲೋಶಿಪ್ ಕೊಡಲು, ಖಾಲಿ ಹುದ್ದೆ ತುಂಬಲು ಮಾತ್ರ ರಾಜ್ಯ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಕೌನ್ಸೆಲಿಂಗ್ ಮುಗಿದು ತಿಂಗಳುಗಳಾದವು. ನನ್ನ ಗೆಳತಿಗೆ ಈ ಸಲ ಸರ್ಕಾರಿ ಸೀಟು ಸಿಗಲಿಲ್ಲ. ಖಾಸಗಿ ಸೀಟಿನ ಫೀಸು ನೋಡಿ ನಕ್ಕು ಸುಮ್ಮನಾದಳು. ಬೆಳಿಗ್ಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸ, ಸಂಜೆ ನಜರ್‌ಬಾದ್‌ನ ಬಾಡಿಗೆ ಮನೆಯ ಹಜಾರದಲ್ಲಿ ನೀಟ್ ಮಕ್ಕಳಿಗೆ ಬಯಾಲಜಿ ಟ್ಯೂಷನ್. ಕಳೆದ ವರ್ಷ ಅವಳಲ್ಲಿ ಪಾಠ ಹೇಳಿಸಿಕೊಂಡ ಹುಡುಗಿಯೊಬ್ಬಳಿಗೆ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೊನ್ನೆ ಆ ಹುಡುಗಿ ಮನೆಗೆ ಬಂದಿದ್ದಳಂತೆ, ಬಯೋಕೆಮಿಸ್ಟ್ರಿ ಇಂಟರ್ನಲ್ಸ್‌ಗೆ ಏನೋ ಅರ್ಥ ಆಗುತ್ತಿಲ್ಲ ಅಂತ.

"ಹೇಳ್ಕೊಟ್ಯಾ?" ಅಂತ ಕೇಳಿದೆ.

"ಹೇಳ್ಕೊಡ್ದೆ ಏನು" ಅಂದಳು. "ಪುಸ್ತಕ ಇಲ್ಲೇ ಬಿಟ್ಟು ಹೋಗು ಅಂದೆ. ಮೇನಲ್ಲಿ ಮತ್ತೆ ಬರೀತೀನಲ್ಲ, ಆಮೇಲೆ ನಂಗೇ ಬೇಕಾಗ್ಬಹುದು."